ಸೋಪು ಹಾಕಿ ತೊಳೆದ ಗುಡಾಣ

ಮೈದುನ ಎರಡನೆಯ ಲಾರಿ ಕೊಂಡ ದಿನ ಮನೆಯಲ್ಲಿ ಗಿನಿಯಿಲಿ ಹುರಿದು ಹಬ್ಬ ಮಾಡಿದರು. ಹುರಿದವಳು ನಾನೇ. ಅದೇ ತಿಂಗಳು ನಾನು ಅರೆಕಿಪಾದ ಬಸ್ ನಿಲ್ದಾಣದ ಪಕ್ಕ ಚಿಚಾದ, ಅಂದರೆ ನಮ್ಮ ಮೆಕ್ಕೆಜೋಳದ ಹೆಂಡದ, ಎರಡನೆಯ ಅಂಗಡಿ ಇಡುತ್ತೇನೆ ಎಂದಾಗ, ಅದೇ ಮೇಜಿನ ಸುತ್ತ ಪಂಚಾಯಿತಿ ಕೂತಿತು.

"ಎರಡು ಕಡೆ ಒಲೆ ಹಚ್ಚಿದ್ರೆ ಗಂಡನ ಸೂಪು ಎಲ್ಲಿ ಕಾಯುತ್ತಮ್ಮಾ?" ಎಂದರು ಅತ್ತೆ ಮೆಲ್ಚೋರಾ.

"ಇರೋದು ಸಾಲದಾ ನಿಂಗೆ?" ಎಂದ ಗಂಡ ಎಡಿಲ್ಬೆರ್ತೊ.

"ಈ ಮಾತು ನಿನ್ನ ತಮ್ಮನ್ನ ಕೇಳಿದ್ಯಾ?"

ಅವನು ಗಂಡಸು, ಬೆಳೆಯಬೇಕಾದವನು ಎಂದರು ಅತ್ತೆ. ಇಪ್ಪತ್ತೆರಡು ವರ್ಷದಿಂದ ಅವರೆಲ್ಲ ಉಂಡದ್ದು ನನ್ನ ಕರಿಜೋಳದ ಚಿಚಾದಿಂದ. ಆ ಮಾತನ್ನು ಯಾರೂ ಎತ್ತಲಿಲ್ಲ.

ಆದರೂ ನಾನು ಜಾಗ ಹಿಡಿದೆ. ಬೇಕಾದದ್ದು ಇನ್ನೊಂದೇ: ಮನೆಯಲ್ಲಿ ಚಿಚಾ ಹುಳಿಸುವ ಗುಡಾಣದ ತಳದ ಗಸಿ. ಅದು ಬಿದ್ದರೇ ಹೊಸ ಜೋಳದ ನೀರು ಹುಳಿತು ಚಿಚಾ ಆಗುವುದು. ಅದಕ್ಕೇ ಆ ಗುಡಾಣವನ್ನು ನಾವು ಬರಿಯ ನೀರಲ್ಲಿ ಆಡಿಸಿ ಇಡುತ್ತೇವೆ, ಉಜ್ಜುವುದಿಲ್ಲ. ಗಸಿ ಒಯ್ಯಬೇಕೆಂದಿದ್ದ ಬೆಳಗ್ಗೆ ಹೋಗಿ ನೋಡಿದರೆ ಗುಡಾಣ ಹೊಸ ಮಡಕೆಯಂತೆ ಹೊಳೆಯುತ್ತಿತ್ತು. ಒಳಗಿಂದ ಬಟ್ಟೆ ಸೋಪಿನ ವಾಸನೆ.

ಗಸಿ ನನ್ನ ಕೈಗೆ ಸಿಗದಂತೆ ಚೆಲ್ಲು ಎಂದು ಅತ್ತೆ ಎಡಿಲ್ಬೆರ್ತೊಗೆ ಹೇಳಿದ್ದರಂತೆ. ಗುಡಾಣದ ಒಳಮೈಗೆ ಅಂಟಿದ್ದು ಉಳಿದರೆ ಮನೆಯ ಅಂಗಡಿಗೆ ಸಾಕು ಎಂಬುದು ಅವರ ಲೆಕ್ಕ. ಹುಟ್ಟಿದಂದಿನಿಂದ ಒಂದು ಲೋಟವನ್ನೂ ತೊಳೆಯದ ಮಗ, ಮೊದಲ ಸಲ ಪಾತ್ರೆಗೆ ಕೈ ಹಾಕಿದವನು, ತಿಕ್ಕಿ ತಿಕ್ಕಿ ತೊಳೆದಿದ್ದ.

"ಗಲೀಜಿತ್ತು, ಅಷ್ಟೆ," ಎಂದ.

ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತರು. ಚಿಚಾ ಸಿದ್ಧವಿದೆ ಎಂದು ಸಾರುವ ಕೆಂಪು ಬಾವುಟ ಅಂದು ಬಾಗಿಲ ಕೋಲಿಗೆ ಏರಲಿಲ್ಲ. ಚಿಚಾ ಇಲ್ಲದ ಮನೆಗೆ ಬಾವುಟವೆಲ್ಲಿ? ಎದುರುಮನೆಯಲ್ಲಿ ಚಿಚಾ ಮಾಡುವ ಕಸಿಲ್ದಾಳಿಂದ ಗಸಿ ಕೇಳಿ ತಾ ಎಂದು ಅತ್ತೆ ನನ್ನನ್ನು ಬೇಡಿದರು. ಅತ್ತೆಗೂ ಅವಳಿಗೂ ಹತ್ತು ವರ್ಷದಿಂದ ಮಾತಿಲ್ಲ. ಹೋದೆ.

ಕಸಿಲ್ದಾ ಬೋಗುಣಿ ತುಂಬಿಸಿ ಕೇಳಿದಳು, "ಯಾವ ಮನೆಗೆ ಮಗಳೇ?"

ಎದುರಿಗೆ ನಮ್ಮ ಬಾಗಿಲಲ್ಲಿ ಅತ್ತೆ, ಅವರ ಹಿಂದೆ ಒದ್ದೆ ತೋಳಿನ ಗಂಡ ನಿಂತಿದ್ದರು.

"ನನ್ನ ಮನೆಗೆ," ಎಂದೆ.

ಬೋಗುಣಿಯನ್ನು ಶಾಲಿನೊಳಗೆ ಕಟ್ಟಿಕೊಂಡು ಅವರ ಮುಂದೆಯೇ ನಡೆದೆ, ಬಸ್ ನಿಲ್ದಾಣದ ಪಕ್ಕದ ನನ್ನ ಹೊಸ ಅಂಗಡಿಯ ಕಡೆಗೆ. ಹಿಂದಿನಿಂದ ಎಡಿಲ್ಬೆರ್ತೊ ಸೂಪಿನ ವಿಷಯ ಏನೋ ಕೂಗಿದ. ಸೋಪು ಇನ್ನೂ ಉಳಿದಿದೆ, ಪಾತ್ರೆ ತೊಳೆದಿಡು ಎಂದೆ.