ಮುಂದ ಮಾಡಿದ ಬಾಗಿಲು

ಕುರುಗೋಡಿನಲ್ಲಿ ಬಾಗಿಲು ಮುಚ್ಚು ಎಂದರೆ ಹಿರಿಯರು ಸಿಡುಕುತ್ತಾರೆ. ಮುಚ್ಚುವುದು ಮನೆತನ ನಿಂತುಹೋದವರ ಬಾಗಿಲು. ಉಳಿದವರು ಬಾಗಿಲು 'ಮುಂದ ಮಾಡುತ್ತಾರೆ'. ಅಗುಳಿ ಹಾಕದೆ ಸುಮ್ಮನೆ ಎಳೆದಿಡುತ್ತಾರೆ, ಬೇಕಾದವರು ದಬ್ಬಿಕೊಂಡು ಬರಲೆಂದು. ಗಂಗಕ್ಕನ ಮನೆಗೆ ಇಪ್ಪತ್ತು ವರ್ಷ ಹಾಗೆ ಬಂದವಳು ಎದುರುಮನೆಯ ಹಮೀದಾಬಿ. ಮನೆಯ ಇನ್ನೊಂದು ಬೀಗದಕೈಯೂ ಅವಳ ಬಳಿಯೇ ಇತ್ತು.

ಅದಿರಿನ ಕಾಲ ಬಂತು. ಗಂಗಕ್ಕನ ಗಂಡ ಜಡೆಪ್ಪ ಒಂದು ಲಾರಿಯಿದ್ದವನು ನಾಲ್ಕು ಲಾರಿಯ ಧಣಿಯಾದ, ವಾರಗಟ್ಟಲೆ ಗಣಿಯ ಕಡೆಯೇ ಉಳಿದ. ಮನೆಗೆ ಬಂದದ್ದು ಅವನಲ್ಲ, ಅವನು ಕಳಿಸಿದ ಬೆರಳಿನ ಬೀಗ. ಅಜ್ಜನ ಕಾಲದ ತೇಗದ ಕದವನ್ನು ಬಳ್ಳಾರಿಯ ರಫೀಕ್ ಅರ್ಧ ದಿನ ಕೊರೆದು ಅದನ್ನು ಕೂರಿಸಿದ.

"ಇದ್ಯಾಕವಾ?" ಎಂದು ಕೇಳಿದಳು ಹಮೀದಾಬಿ. ತನ್ನ ಗಂಡನಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕು, ಮರುದಿನವೇ ಅವಳು ಸಿರುಗುಪ್ಪಕ್ಕೆ ಹೊರಡುವವಳಿದ್ದಳು. ಬಿಟ್ಟುಹೋಗುತ್ತಾಳೆಂಬ ಸಿಟ್ಟೋ ಹೊಸ ಸಿರಿಯ ಬಿಂಕವೋ, ಗಂಗಕ್ಕ, "ಕಂಡಕಂಡವ್ರು ನುಗ್ಗಿ ಬರ್ತಾರಲ್ಲ, ಅದಕ್ಕ" ಎಂದುಬಿಟ್ಟಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಹಮೀದಾಬಿ ಎದ್ದು ಹೋದಳು.

ರಫೀಕ್ ಸಾಮಾನು ಕಟ್ಟುತ್ತ ಹೇಳಿದ: "ತೆಗಿಯಾಕ ನಿಮ್ಮ ಬೆರಳಿಡ್ರಿ. ಇನ್ನ ಬೀಗ ಹಾಕೋ ಚಿಂತಿ ಇಲ್ರಿ ಅಕ್ಕಾರ. ಬಾಗ್ಲಾ ಮುಂದ ಮಾಡಿದ್ರ ಸಾಕು."

ಸದ್ಯ, ಮೊದಲಿನ ಹಾಗೆ ಮುಂದ ಮಾಡಿದರೆ ಸಾಕಂತೆ ಎಂದು ಗಂಗಕ್ಕನಿಗೆ ಸಮಾಧಾನವಾಯಿತು.

ಹಮೀದಾಬಿ ಹೇಳದೆ ಹೋಗುವವಳಲ್ಲ. ಬಂದರೆ ಕೈ ಹಿಡಿದು ತಪ್ಪಾಯಿತು ಎನ್ನಬೇಕು. ತಾನೇ ಹೋಗಬಹುದಿತ್ತು, ಹತ್ತೇ ಹೆಜ್ಜೆ. ಆದರೆ ಬಿಗುಮಾನದವರಿಗೆ ಹತ್ತು ಹೆಜ್ಜೆಯೆಂದರೆ ಹತ್ತು ಹರದಾರಿ. ಬೆಳಿಗ್ಗೆ ಬಾಗಿಲು ಮುಂದ ಮಾಡಿ, ಕಾಯುತ್ತಿರುವುದು ಕಾಣಬಾರದೆಂದು ಒಳಗೆ ಅಡುಗೆಮನೆಯಲ್ಲಿ ಕೂತು ಜೋಳ ಹಸನು ಮಾಡಿದಳು. ಬೀದಿಯಲ್ಲಿ ಲಾರಿಗಳ ಸದ್ದು. ಹಸನಾದ ಜೋಳವನ್ನೇ ಮತ್ತೆ ಹಸನು ಮಾಡಿದಳು. ಆ ಮನೆಯಲ್ಲಿ ಅಷ್ಟು ಒಂಟಿಯೆಂದು ಅವಳಿಗೆ ಎಂದೂ ಅನಿಸಿರಲಿಲ್ಲ.

ಮಧ್ಯಾಹ್ನ ತಡೆಯಲಾರದೆ ಹೊರಗೆ ಬಂದಳು. ಹೊಸ್ತಿಲ ಬಳಿ ಒಂದು ಸ್ಟೀಲಿನ ಡಬ್ಬಿ, ಅದರಲ್ಲಿ ಹಾಲು ಶಾವಿಗೆಯ ಸುರಕುಂಬ. ಮುಚ್ಚಳದ ಮೇಲೆ ಹಳೆಯ ಬೀಗದಕೈ.

ಪಕ್ಕದ ಕಟ್ಟೆಯಿಂದ ಎಲ್ಲಮ್ಮ ಹೇಳಿದಳು: "ಹಮೀದಾಬಿ ಎರಡ ಸಲ ದಬ್ಬಿ ನೋಡಿದ್ಲವಾ. ಗಂಗಿ ನನಗೂ ಬಾಗ್ಲಾ ಹಾಕಿದ್ಲು ಅಂತ ಅತ್ಲು. ಸಿರುಗುಪ್ಪದ ಬಸ್ಸು ಹೋಗಿ ತಾಸಾತು."

"ನಾ ಮುಂದ ಮಾಡಿದ್ದೆ ಎಲ್ಲಮ್ಮ. ಬರೇ ಮುಂದ ಮಾಡಿದ್ದೆ."

ಹೇಳುತ್ತಲೇ ಗಂಗಕ್ಕ ಕದ ಎಳೆದು ನೋಡಿದಳು. ಟಿಕ್ ಎಂದಿತು. ದಬ್ಬಿದಳು, ಅಲುಗಲಿಲ್ಲ. ಮುಂದ ಮಾಡಿದರೆ ಬೀಗ ತಾನೇ ಬೀಳುತ್ತದೆ ಎಂಬುದೇ ರಫೀಕನ ಮಾತಿನ ಅರ್ಥವೆಂದು ಆಗ ತಿಳಿಯಿತು.

ಬೀಗದಕೈ ಹಿಡಿದು ಅದರ ತೂತು ಹುಡುಕಿದಳು. ರಫೀಕ್ ಅದನ್ನೂ ಮುಚ್ಚಿದ್ದ. ಬೆರಳಿಟ್ಟರೆ ಬಾಗಿಲು ತೆರೆಯುತ್ತಿತ್ತು, ಆದರೆ ಒಳಗೆ ಯಾರಿದ್ದಾರೆಂದು ತೆರೆಯಬೇಕು? ಗಂಗಕ್ಕ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹೊರಗೇ ಕೂತಳು.