ಇರುವೆ ಗುರುತಿನ ಚಾಕು

ಇರುವೆ ಗುರುತಿನ ಚಾಕು ಕೆಟ್ಟು ಬಂದರೆ ಯಾರು ಮಾಡಿದ್ದೆಂದು ಕೇಳಬಾರದು. ಚಾಕು ಮಾಡುವ ಬೀದಿಯ ಹನ್ನೊಂದು ಮನೆಗಳಿಗೂ ಒಂದೇ ಗುರುತು, ಅಲಗಿನ ಬುಡದಲ್ಲಿ ಒತ್ತಿದ, ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಇರುವೆ. ಕೆಟ್ಟದ್ದು ಯಾರ ಬಾಗಿಲಿಗೆ ಬರುತ್ತದೋ ಅವರೇ ಬಿಚ್ಚಿ, ಸರಿಮಾಡಿ, ಬಿಡಿಗಾಸೂ ಮುಟ್ಟದೆ ಕೊಟ್ಟು ಕಳಿಸಬೇಕು. ಅದು ಬೀದಿಯವರು ಊರಿಗೆ ಕೊಟ್ಟ ಮಾತು.

ಆದ್ದರಿಂದಲೇ ಕಮಾನಕ್ಕ ನಾಲ್ಕು ತಿಂಗಳು ತುಟಿ ಬಿಚ್ಚಲಿಲ್ಲ.

ಮಡಚುವ ಚಾಕುವಿನ ಬೆನ್ನಿನಲ್ಲಿ ಅಲಗನ್ನು ಬಿಗಿಹಿಡಿಯುವ ಉಕ್ಕಿನ ಪಟ್ಟಿಯೇ ಕಮಾನು. ಅದನ್ನು ಹದಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹೆಸರೂ ಹಾಗೇ ಅಂಟಿಕೊಂಡಿತ್ತು. ಈಗ ವಾರವಾರವೂ ಮುರಿದ ಕಮಾನಿನ ಚಾಕುಗಳು ಬರುತ್ತಿದ್ದವು. ತಗಡಿನಂಥ ಕಮಾನುಗಳು. ನೋಡಿದಾಗಲೆಲ್ಲ ಅವಳ ಮನಸ್ಸು ಎದುರುಮನೆಯ ಹಿಡಿಯಣ್ಣನತ್ತ ಹೋಗುತ್ತಿತ್ತು. ಕೊಂಬಿನ ಹಿಡಿ ಕೂರಿಸುವುದರಲ್ಲಿ ಅವನು ನಿಸ್ಸೀಮ. ಆದರೆ ಹೆಂಡತಿ ಆಸ್ಪತ್ರೆಯಲ್ಲಿದ್ದಳು. ಹೊಟ್ಟೆಗಿಲ್ಲದವನು ಅಗ್ಗದ ಉಕ್ಕು ಹಾಕಿರಬೇಕು, ಪಾಪ. ಕಮಾನಕ್ಕ ಹೊಸ ಕಮಾನು ಹಾಕಿ ಕಳಿಸಿದಳು, ಮುರಿದದ್ದನ್ನು ಡಬ್ಬಿಗೆ ಹಾಕಿದಳು. ಒಂದು ಬೆಳಿಗ್ಗೆ ಒಳ್ಳೆಯ ಉಕ್ಕಿನ ಪಟ್ಟಿಗಳ ಕಟ್ಟೊಂದನ್ನು ಅವನ ಹೊಸ್ತಿಲ ಮೇಲಿಟ್ಟು, ಕಳ್ಳಿಯಂತೆ ಓಡಿಬಂದಳು.

ವ್ಯಾಪಾರ ನೆಲಕಚ್ಚಿ ಎರಡು ವರ್ಷವಾಗಿತ್ತು. ಕಾರ್ಖಾನೆಗಳು ಬಾಗಿಲು ಹಾಕಿದ್ದವು, ಕೂಲಿ ಅರ್ಧಕ್ಕೆ ಇಳಿದಿತ್ತು. ಜೇಬೇ ಖಾಲಿಯಾದವನು ಜೇಬಿಗೆ ಚಾಕು ಕೊಳ್ಳುತ್ತಾನೆಯೇ? ಆಗ ಪೇಟೆಯ ಉಳ್ಳವರು 'ಚಾಕು ಕಸುಬು ಉಳಿಸೋಣ' ಎಂಬ ಸಂಘ ಕಟ್ಟಿ ಗಾಜಿನ ಬಾಗಿಲಿನ ಅಂಗಡಿಯೊಂದನ್ನು ತೆರೆದರು. ಬೀದಿಯ ಪರವಾಗಿ ಅಲ್ಲಿ ಕೂತವನು ಕಮಾನಕ್ಕನ ಚಿಕ್ಕಪ್ಪ. ಅಪ್ಪ ಸತ್ತ ಮೇಲೆ ಅವಳ ಕೈಗೆ ಅರ ಕೊಟ್ಟು, ಬೆರಳು ಹಿಡಿದು ಉಜ್ಜಲು ಕಲಿಸಿದವನು ಅವನೇ. ಇರುವೆಯ ಅಚ್ಚು ಇರುತ್ತಿದ್ದುದೂ ಅವನ ಸುಪರ್ದಿಯಲ್ಲೇ.

ಮೊದಮೊದಲು ಅಂಗಡಿ ಇದ್ದಬದ್ದ ಚಾಕುಗಳನ್ನೆಲ್ಲ ಕೊಂಡಿತು. ಆಮೇಲೆ ಚಿಕ್ಕಪ್ಪ, "ಗೋದಾಮು ತುಂಬ್ಹೋಗಿದೆ ಕಣಮ್ಮ, ಸ್ವಲ್ಪ ತಡ್ಕೊಳ್ಳಿ" ಎಂದ. ತಡೆದುಕೊಂಡರು. ತಡೆದುಕೊಳ್ಳುವುದನ್ನು ಬಡವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ಮಧ್ಯಾಹ್ನ ಹಿಡಿಯಣ್ಣ ಅವಳ ಬೆಂಚಿನ ಹತ್ತಿರ ಬಂದು ನಿಂತ. ತಲೆ ಕೆರೆದುಕೊಂಡ.

"ಅಕ್ಕಾ, ಬೈಯಲ್ಲ ಅಂದ್ರೆ ಒಂದು ಮಾತು. ಆ ಕನ್ನಡಕ ಹಾಕ್ಕೊಂಡ್ಯಾ?"

"ಯಾವ ಕನ್ನಡಕನೋ?"

"ನಿನ್ನ ಕಿಟಕೀಲಿ ಇಟ್ಟಿದ್ನಲ್ಲ."

"ಅದು ನಿಂದಾ? ಯಾರೋ ಮರೆತು ಹೋಗಿದಾರೆ ಅಂತ ಮೊಳೆಗೆ ನೇತುಹಾಕಿದೀನಿ! ನನಗ್ಯಾಕೋ ಕನ್ನಡಕ?"

"ಮತ್ತೆ ನಿನ್ನ ಕಮಾನು ಹಂಗ್ಯಾಕೆ ಆಗ್ತಿದಾವೆ? ನಾಲ್ಕು ತಿಂಗಳಿಂದ ಸರಿಮಾಡಿ ಸರಿಮಾಡಿ ನನ್ನ ಸೊಂಟ ಬಿದ್ದುಹೋಯ್ತು. ಕಣ್ಣು ಮಂಜಾಗಿದೆ, ಪಾಪ, ಹೆಂಗೆ ಹೇಳೋದು ಅಂತ ಸುಮ್ನಿದ್ದೆ."

ಕಮಾನಕ್ಕನಿಗೆ ಮೊದಲು ನಗು ಬಂತು. "ಲೋ ಮಂಕೇ, ಅವು ನಿನ್ನವು ಅಂತ ನಾನು ಉಕ್ಕು ತಂದಿಟ್ಟಿದ್ನಲ್ಲೋ!"

"ಓಹೋ! ಅದು ನೀನಾ? ನಾನೆಲ್ಲೋ ದೇವರು ಕಣ್ಬಿಟ್ಟ ಅಂದ್ಕೊಂಡಿದ್ದೆ."

ನಗು ಅಲ್ಲಿಗೇ ನಿಂತಿತು. ಅವನು ಮನೆಗೆ ಹೋಗಿ ತನ್ನ ಡಬ್ಬಿ ತಂದ. ಇಬ್ಬರೂ ಮುರಿದ ಕಮಾನುಗಳನ್ನು ಬೆಂಚಿನ ಮೇಲೆ ಸುರಿದು ಸಾಲಾಗಿ ಜೋಡಿಸಿದರು. ನಲವತ್ತೊಂದು. ಎಲ್ಲವೂ ಒಂದೇ ಉದ್ದ, ಒಂದೇ ಬಾಗು, ಒಂದೇ ಜಾಗದಲ್ಲಿ ಒಂದೇ ಗೀರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮನುಷ್ಯನ ಕೈ ಪ್ರಾಮಾಣಿಕವಾಗಿ ದುಡಿದರೂ ಎರಡು ಕಮಾನು ಒಂದೇ ಥರ ಆಗುವುದಿಲ್ಲ. ಮೋಸ ಮಾಡಿದರೂ ಆಗುವುದಿಲ್ಲ. ಇವು ಯಂತ್ರ ಕತ್ತರಿಸಿದವು. ಯಾವುದೋ ಕಾರ್ಖಾನೆಯ ಚಾಕುಗಳ ಮೇಲೆ ಈ ಬೀದಿಯ ಇರುವೆ ಹತ್ತಿ ಕೂತಿತ್ತು.

ಸಂಜೆ ಚಿಕ್ಕಪ್ಪ ಮನೆಗೆ ಬರುವಷ್ಟರಲ್ಲಿ ಇಬ್ಬರೂ ಅವನ ಪಡಸಾಲೆಯಲ್ಲಿ ಕೂತಿದ್ದರು. ಕಮಾನಕ್ಕ ಕಮಾನುಗಳನ್ನು ಅವನ ಮುಂದಿಟ್ಟಳು. ಅವನು ಅವುಗಳನ್ನು ನೋಡಲಿಲ್ಲ. ಶರ್ಟಿನ ತೋಳು ಮಡಚಿಕೊಳ್ಳತೊಡಗಿದ.

"ಅಚ್ಚು ಎಲ್ಲಿ ಚಿಕ್ಕಪ್ಪ?"

"ಸಂಘದವರ ಹತ್ರ ಇದೆ. ಅವರು ಕೇಳಿದ್ರು, ಕೊಟ್ಟೆ. ನೀವು ದಿನಕ್ಕೆ ಎರಡು ಚಾಕು ಮಾಡ್ತೀರಿ. ಅಲ್ಲಿ ದಿನಕ್ಕೆ ಇನ್ನೂರು ಕೇಳ್ತಾರೆ. ಬೀದಿ ಹೆಸರು ಉಳೀಬೇಕೋ ಬೇಡ್ವೋ?"

"ಹೆಸರು ಉಳಿದ್ರೆ ಸಾಕಾ? ಬೀದಿಯವರು ಉಳಿಯೋದು ಬೇಡ್ವಾ?"

"ಎಲ್ಲಾ ನಿಧಾನಕ್ಕೆ ಆಗುತ್ತೆ ಕಣಮ್ಮ."

"ಕೆಟ್ಟುಹೋದದ್ದು ನಮ್ಮ ಹತ್ರ ಬರುತ್ತೆ ಅಂತ ನಿಂಗೆ ಗೊತ್ತಿತ್ತು."

ಅವನು ಉತ್ತರಿಸುವ ಮೊದಲು ಸ್ವಲ್ಪ ನಕ್ಕ. ಆ ನಗುವನ್ನೇ ಅವಳಿಗೆ ಕೊನೆಗೂ ಕ್ಷಮಿಸಲಾಗಲಿಲ್ಲ.

"ನೀವು ಕೇಳಲ್ವಲ್ಲ, ಯಾರು ಮಾಡಿದ್ದು ಅಂತ."

ಹಿಡಿಯಣ್ಣ ಎದ್ದು ನಿಂತ. "ನಾಲ್ಕು ತಿಂಗಳು ನಾನು ಈ ನಮ್ಮಕ್ಕನ್ನ ಅನುಮಾನಿಸಿದೆ ಮಾವ. ಅವಳು ನನ್ನ ಅನುಮಾನಿಸಿದ್ಲು. ಪುಕ್ಕಟೆ ದುಡಿಸಿಕೊಂಡ್ರಿ, ಹೋಗ್ಲಿ. ಇದನ್ನ ಹೆಂಗೆ ರಿಪೇರಿ ಮಾಡ್ತೀರಿ?"

"ಅಚ್ಚು ವಾಪಸ್ ತಗೊಂಡು ಬಾ" ಎಂದಳು ಕಮಾನಕ್ಕ. "ನಾಳೆ ನಾವು ಅಂಗಡಿ ಮುಂದೆ ಇರ್ತೀವಿ. ಎಲ್ಲರ ಎದುರು ಬಾಯಿಬಿಟ್ಟು ಹೇಳು, ಈ ಚಾಕುಗಳು ನಮ್ಮವಲ್ಲ ಅಂತ. ಅಷ್ಟು ಹೇಳಿದ್ರೆ ಸಾಕು, ನೀನು ನನ್ನ ಚಿಕ್ಕಪ್ಪನೇ."

"ಆಯ್ತಮ್ಮ. ಹೇಳ್ತೀನಿ" ಎಂದ ಅವನು. ಅವಳು ನಂಬಿದಳು. ಅರ ಹಿಡಿಯಲು ಕಲಿಸಿದವನ ಮಾತನ್ನು ನಂಬದೆ ಇನ್ನಾರ ಮಾತನ್ನು ನಂಬಬೇಕು?

ಮರುದಿನ ಬೆಳಿಗ್ಗೆ ಬೀದಿಯ ಒಂಬತ್ತು ಜನ ಅಂಗಡಿಯ ಮುಂದೆ, ರಸ್ತೆಯಂಚಿನಲ್ಲಿ ಒಂದು ಬೆಂಚು ಹಾಕಿದರು. ಕಮಾನಕ್ಕ ಒಂದು ಚಾಕುವಿನ ಮೊಳೆ ಕಿತ್ತು, ಒಳಗಿನ ತಗಡನ್ನು ಜನರಿಗೆ ತೋರಿಸಿದಳು. ಪಕ್ಕದಲ್ಲಿ ತಾನು ಮಾಡಿದ ಕಮಾನನ್ನಿಟ್ಟಳು. ಹತ್ತಾರು ಜನ ಸೇರಿದರು. ಕೆಲವರು ಬಗ್ಗಿ ನೋಡಿದರು. ಹೆಚ್ಚಿನವರು ನಿಂತಂತೆ ಮಾಡಿ ನಡೆದರು.

ಅಂಗಡಿಯಿಂದ ಹೊರಬಂದ ಹೆಂಗಸೊಬ್ಬಳ ಕೈಯಲ್ಲಿ ಹೊಸ ಚಾಕುವಿನ ಪೆಟ್ಟಿಗೆಯಿತ್ತು.

"ಯಾಕಮ್ಮ ಇಲ್ಲಿ ಗಲಾಟೆ? ಪಾಪ, ಚಾಕು ಮಾಡೋ ಬಡವರು ಬದುಕಲಿ ಅಂತ ನಾವು ದುಡ್ಡು ಕೊಟ್ಟು ತಗೋತಿದೀವಿ. ಅವರ ಹೊಟ್ಟೆ ಮೇಲೆ ಹೊಡೀತೀರಲ್ಲ, ನಾಚಿಕೆ ಆಗಲ್ವಾ?"

"ಆ ಬಡವರು ನಾವೇ ಕಣಮ್ಮ" ಎಂದ ಹಿಡಿಯಣ್ಣ.

ಅವಳು ನಂಬದೆ ಅಂಗಡಿಯತ್ತ ನೋಡಿದಳು. ಗಾಜಿನ ಹಿಂದೆ ಆಳೆತ್ತರದ ಫೋಟೋ ಇತ್ತು: ಚಾಕು ಹಿಡಿದ ಎರಡು ಕೈಗಳು, ಉಗುರಿನಲ್ಲಿ ಕಪ್ಪು ಮಸಿ. ಕಮಾನಕ್ಕನ ಕೈಗಳು. ಮುಖವನ್ನು ಕತ್ತರಿಸಿ ಹಾಕಿದ್ದರು.

ಕಾವಲುಗಾರ ಬಾಗಿಲು ತೆರೆದು ಚಿಕ್ಕಪ್ಪನನ್ನು ಕರೆತಂದ. ಚಿಕ್ಕಪ್ಪ ಮೆಟ್ಟಿಲ ಮೇಲೆ ನಿಂತ. ಅವನ ಹಿಂದೆಯೇ ಸಂಘದ ಇಬ್ಬರು ನಿಂತಿದ್ದರು. ಬೀದಿಯವರೆಲ್ಲ ಸುತ್ತಿಗೆ ಕೆಳಗಿಟ್ಟರು. ಕಮಾನಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಕಾದಳು.

"ಯಜಮಾನ್ರೇ, ಇವರು ಯಾರು ಅಂತ ಗೊತ್ತಾ ನಿಮಗೆ?" ಎಂದು ಕಾವಲುಗಾರ ಕೇಳಿದ.

ಚಿಕ್ಕಪ್ಪನ ಕಣ್ಣು ಅವಳ ಮೇಲಿಂದ ಹಾದು, ಬೆಂಚಿನ ಮೇಲೆ ಬಿಚ್ಚಿಟ್ಟ ಚಾಕುವಿನಲ್ಲಿ ನಿಂತಿತು.

"ಗೊತ್ತಿಲ್ಲಪ್ಪ. ನಮ್ಮ ಬೀದಿಯವರಲ್ಲ."

ಹಿಡಿಯಣ್ಣ ಕೆರಳಿ ಮುನ್ನುಗ್ಗಿದ. ಕಮಾನಕ್ಕ ಅವನ ರಟ್ಟೆ ಹಿಡಿದಳು. ಪೆಟ್ಟಿಗೆ ಹಿಡಿದ ಹೆಂಗಸಿಗೂ, ಮೆಟ್ಟಿಲ ಮೇಲಿನವರಿಗೂ, ರಸ್ತೆಯಾಚೆ ನಿಂತವರಿಗೂ ಕೇಳುವಂತೆ ಹೇಳಿದಳು:

"ನಿಜ ಸ್ವಾಮಿ. ಆ ಮನುಷ್ಯನಿಗೂ ನಮ್ಮ ಬೀದಿಗೂ ಯಾವ ಸಂಬಂಧವೂ ಇಲ್ಲ. ಅವರು ಮಾರೋ ಯಾವ ಚಾಕುವನ್ನೂ ನಾವು ಇನ್ನು ರಿಪೇರಿ ಮಾಡಲ್ಲ."

ಅವಳ ದನಿ ನಡುಗಲಿಲ್ಲ. ಬಿಚ್ಚಿಟ್ಟ ಚಾಕುವನ್ನು ಮತ್ತೆ ಜೋಡಿಸದೆ ಹಾಗೇ ಬಾಚಿಕೊಂಡು ಹೋಗಿ ಚಿಕ್ಕಪ್ಪನ ಮೆಟ್ಟಿಲ ಮೇಲಿಟ್ಟಳು.