ಹೋಳಿಗೆ ಮಾಡಿದ ದಿನ

ಎರಡು ಬೆರಳ ನಡುವೆ ಒತ್ತಿದರೆ ನೆನೆದ ಅವರೆಕಾಳು ಸಿಪ್ಪೆ ಬಿಟ್ಟು ಪುಳಕ್ಕನೆ ಹಾರುತ್ತದೆ, ಬೋಗುಣಿಗೆ ಬೀಳಬೇಕಾದದ್ದು ಈ ಸಲ ಹೊಸಲಿನವರೆಗೆ ಉರುಳಿತು, ಎತ್ತಿಕೊಳ್ಳಬೇಕು, ಬಗ್ಗಿದರೆ ಸೊಂಟಕ್ಕೆ ಸಿಕ್ಕಿಸಿದ ಲಕೋಟೆ ಚುಚ್ಚುತ್ತದೆ, ಗುರುಶಾಂತಮ್ಮ ಕಾಳನ್ನು ಅಲ್ಲೇ ಬಿಟ್ಟಳು, ಇನ್ನೊಂದು ಕಾಳು, ಇನ್ನೊಂದು — ಇವತ್ತು ಗುರುವಾರ, ಹನ್ನೆರಡಕ್ಕೆ ಬೀರೂರು ಕಡೆಯ ರೈಲು, ಆ ರೈಲಿಗೆ ಟಪಾಲು ಸೇರಿದರೆ ಶನಿವಾರ ಮೈಸೂರಿನಲ್ಲಿ ಸಾಕುಮಗಳು ಪಂಕಜಳ ಕೈಗೆ, ತಪ್ಪಿದರೆ ಭಾನುವಾರ ಟಪಾಲು ಹಂಚುವುದಿಲ್ಲ, ಭಾನುವಾರ ಸಂಜೆಗೇ ಅವಳ ಕ್ಲಾಸಿನವರೆಲ್ಲ ಬೆಂಗಳೂರಿಗೆ ಹೊರಡುತ್ತಾರೆ, ಸೋಮವಾರ ಬೆಳಿಗ್ಗೆ ಆ ಆಸ್ಪತ್ರೆಯ ಒಳಗಿರುತ್ತಾಳೆ, ಹಳೆಯ ರೋಗಿಗಳ ಕಾಗದದ ಕಟ್ಟುಗಳನ್ನು ಅವಳ ಮುಂದೆ ಬಿಚ್ಚುತ್ತಾರೆ, ಅದರೊಳಗೊಂದು ಕಾಗದದ ಮೇಲೆ ಅವಳ ಹೆತ್ತವ್ವನ ಹೆಸರು ಇದೆ, ಜ್ವರದಲ್ಲಿ ಸತ್ತಳೆಂದು ಈ ಮನೆಯಲ್ಲಿ ಹೇಳಿ ಬೆಳೆಸಿದ ಹೆತ್ತವ್ವನ ಹೆಸರು, ಅದನ್ನು ಅವಳು ಅಲ್ಲಿ ಓದುವುದಕ್ಕೆ ಮೊದಲು ಇಲ್ಲಿಂದ ಓದಬೇಕು, ಅಷ್ಟೇ ಅಲ್ಲವೇ, ಎದ್ದು ಸ್ಟೇಷನ್ನಿಗೆ ಹೋಗಿ ಹಾಕಿ ಬರುವುದು, ಅಷ್ಟೇ, ಆದರೆ ಕಾಲು ಮಡಿಸಿ ಕೂತಿದ್ದಾಳೆ, ಕಾಳು ಹಿದುಕುತ್ತಿದ್ದಾಳೆ, ನಾಲ್ಕು ತಿಂಗಳಿಂದ ಹೀಗೆಯೇ, ಬರೆದ ನಾಲ್ಕು ಕಾಗದ ಒಲೆಗೆ ಹೋದವು, ಇದು ಐದನೆಯದು. ಏನಕ್ಕಾ ಕೈ ನಿಂತೋಯ್ತು, ಎಂದಳು ಎದುರಿಗೆ ಕೂತ ಪಕ್ಕದ ಮನೆಯ ತೀರ್ಥಮ್ಮ, ಅವಳ ಕೈ ನಿಲ್ಲುವುದೇ ಇಲ್ಲ, ಬಾಯಿಯೂ. ಪಂಕಜಂದು ಇನ್ನೆಷ್ಟು ದಿನ ಓದು? ಮಾರ್ಚಿಗೆ ಮುಗೀತದೆ ಕಣೇ, ಎಂ.ಎ. ಆಯ್ತದೆ. ಅದೇನೋ ಮನಸಿನ ಓದು ಅಂತಲ್ಲ, ಕಲ್ತು ಏನ್ ಮಾಡ್ತಾಳೆ? ನಿನ್ನ ಸೊಸೆ ಯಾಕೆ ಮುಖ ಊದಿಸ್ಕೊಂಡವ್ಳೆ ಅಂತ ಹೇಳ್ತಾಳೆ. ಅದ್ಕೆ ಮೈಸೂರಿಗೆ ಯಾಕೋಗ್ಬೇಕಕ್ಕ, ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ. ಗುರುಶಾಂತಮ್ಮನಿಗೆ ನಗು ಬಂತು, ನಗುವಾಗಲೂ ಲಕೋಟೆ ಚುಚ್ಚಿತು.

ಮನಸಿನ ಓದು — ಎರಡು ವರ್ಷದ ಹಿಂದೆ ಆ ಅರ್ಜಿ ಈ ಜಗಲಿಯ ಮೇಲೆಯೇ ಹರಡಿಕೊಂಡಿತ್ತು, ಗಾಳಿಗೆ ಹಾರದ ಹಾಗೆ ಮೂಲೆಗೆ ಅಡಿಕೆ ಕತ್ತರಿ ಇಟ್ಟಿದ್ದಳು ಪಂಕಜ, ಬಿ.ಎ. ಆಗಿ ಆಗಷ್ಟೇ ಬಂದಿದ್ದಳು, ಮೊಣಕೈ ಊರಿ ಬೋರಲು ಮಲಗಿ ಬರೆಯುತ್ತಿದ್ದಳು, ಅವಳ ದೊಡ್ಡಪ್ಪ ಈರಭದ್ರಪ್ಪ ಅರಳೆ ಮಂಡಿಯಿಂದ ಬಂದವರು ತಲೆಯ ಮೇಲಿನ ರುಮಾಲು ತೆಗೆಯದೆ ನಿಂತೇ ಕೇಳಿದರು, ಮನಸ್ಸು ಓದಕ್ಕೆ ಅಷ್ಟು ದೂರ ಹೋಗ್ಬೇಕೇನವ್ವಾ, ನಿಮ್ಮ ದೊಡ್ಡವ್ವನ ಮನಸ್ಸು ಓದು, ಮೂವತ್ತು ವರ್ಷದಿಂದ ಓದ್ತಾ ಇದೀನಿ, ನಂಗೆ ಮೊದಲನೇ ಹಾಳೆ ಮಗುಚಾಕ್ ಆಗಿಲ್ಲ. ದೊಡ್ಡಪ್ಪಾ, ನೀವು ಫೇಲು, ಎಂದಳು ಪಂಕಜ ತಲೆ ಎತ್ತದೆ. ಅವರು ನಕ್ಕರು, ನಕ್ಕವರು ಒಳಗೆ ಬಂದು ಗುರುಶಾಂತಮ್ಮನ ಮುಖ ನೋಡಿ ನಗು ನಿಲ್ಲಿಸಿದರು, ಬ್ಯಾಡ ಅಂದ್ಬಿಡ್ಲೇನೇ, ಎಂದು ಮೆಲ್ಲಗೆ ಕೇಳಿದರು, ಬೇಡ ಎನ್ನಲು ಏನು ಕಾರಣ ಹೇಳುವುದು, ಸಂಸ್ಕೃತ ಓದು ಎನ್ನಬಹುದಿತ್ತು, ಚರಿತ್ರೆ ಓದು ಎನ್ನಬಹುದಿತ್ತು, ಲೋಕದಲ್ಲಿ ಇಷ್ಟು ವಿದ್ಯೆ ಇರುವಾಗ ಈ ಹುಡುಗಿ ಹೋಗಿ ಹೋಗಿ ಆ ಬಾಗಿಲನ್ನೇ ಯಾಕೆ ತಟ್ಟುತ್ತಾಳೆ, ಅವಳಿಗೆ ಏನೂ ಗೊತ್ತಿಲ್ಲ, ಗೊತ್ತಿಲ್ಲದ್ದು ಎಲ್ಲಿ ಕೂತು ಅವಳನ್ನು ಕರೆಯುತ್ತದೆ — ಓದ್ಲಿ ಬಿಡ್ರೀ, ಎಂದಳು. ಅರ್ಜಿಯಲ್ಲಿ ತಂದೆಯ ಹೆಸರು, ಹಿರೇನಲ್ಲೂರಿನಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿರುವ ತಂದೆ, ತಾಯಿಯ ಹೆಸರು, ಮಲ್ಲಿಕಾಂಬ, ಬದುಕಿದ್ದಾರೆಯೇ, ಇಲ್ಲ, ಹುಡುಗಿ ಗಟ್ಟಿಯಾಗಿ ಓದಿಕೊಂಡೇ ಬರೆದಳು, ನಿಬ್ಬು ಎಲ್ಲೂ ತಡೆಯಲಿಲ್ಲ. ಸಾಕಿದವರ ಸಹಿ ಎಂಬಲ್ಲಿ ದೊಡ್ಡವ್ವಾ ನೀನೇ ಹಾಕು ಎಂದಳು. ಮಠದ ಹಜಾರದ ರಾತ್ರಿ ಶಾಲೆಯಲ್ಲಿ ನಲವತ್ತು ದಾಟಿದ ಮೇಲೆ ಅಕ್ಷರ ಕಲಿತವಳು, ಸರ್ಕಾರದ ಕಾಗದದ ಮೇಲೆ ಮೊದಲ ಸಹಿ, ಗು ರು ಶಾಂ ತ ಮ್ಮ, ಒತ್ತು ಸ್ವಲ್ಪ ಗೆರೆ ದಾಟಿತು, ಸರ್ಕಾರದ ಕಾಗದಕ್ಕೆ ಅವಳು ಕೈ ಮುಟ್ಟಿಸಿದ್ದು ಅದು ಎರಡನೆಯ ಸಲ, ಮೊದಲನೆಯ ಸಲ ಅಕ್ಷರ ಬರುತ್ತಿರಲಿಲ್ಲ, ಹೆಬ್ಬೆಟ್ಟು.

ಕಡೂರಿನ ಕಚೇರಿಯಲ್ಲಿ ಮಸಿ ಸವರಿದ ಹೆಬ್ಬೆಟ್ಟು, ಅದಕ್ಕೂ ಮೊದಲು ಯಗಟಿ, ತಂಗಿ ಮಲ್ಲಿಕಾಂಬಳ ಗಂಡನ ಮನೆ, ಆ ದೊಡ್ಡ ಜ್ವರದ ವರ್ಷ, ಮನೆಮನೆಯಲ್ಲೂ ಹೆಣ, ಮಲ್ಲಿಯ ಎರಡನೆಯ ಮಗು ಗಂಡು, ಹುಟ್ಟಿ ಮೂರು ದಿನಕ್ಕೆ ಹೋಯಿತು, ಅದಾದ ಮೇಲೆ ಅವಳು ಮಲಗಲಿಲ್ಲ, ಊಟ ಬಿಟ್ಟಳು, ಗೋಡೆಯ ಹತ್ತಿರ ಕಿವಿ ಇಟ್ಟು ಕೂಸು ಅಳ್ತೈತೆ ಅಕ್ಕ, ಕೇಳು, ಎನ್ನುತ್ತಿದ್ದಳು, ಹತ್ತೊಂಬತ್ತನೆಯ ದಿನ ತೋಟದ ಬಾವಿಯ ಕಟ್ಟೆಯ ಮೇಲೆ ನಿಂತಿದ್ದಳು, ಸೊಂಟದ ಮೇಲೆ ನಾಲ್ಕು ವರ್ಷದ ಪಂಕಜ, ತಮ್ಮನ್ನ ತೋರಿಸ್ತೀನಿ ಬಾರೇ ಅಂತ ಮುದ್ದು ಮಾಡುತ್ತಾ ಬಗ್ಗಿಸುತ್ತಿದ್ದಳು, ಮಗುವಿನ ಕಾಲು ಸಿಕ್ಕಿತು, ಒಂದೇ ಕಾಲು, ಗುರುಶಾಂತಮ್ಮ ಅದನ್ನು ಹಿಡಿದು ಎಳೆದ ರಭಸಕ್ಕೆ ತಾಯಿ ಮಗು ಇಬ್ಬರೂ ಮಣ್ಣಿಗೆ ಬಿದ್ದರು. ನಂಗೂ ಅವಳಿಗೂ ಇನ್ನೇನೂ ಇಲ್ಲ, ನಿಮ್ಮ ಮನೆ ಹೆಣ್ಣು, ಏನಾದ್ರೂ ಮಾಡ್ಕಳಿ, ಎಂದು ಮಲ್ಲಿಯ ಗಂಡ ಎದ್ದುಹೋದ. ಡಾಕ್ಟರು ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಬರೆದುಕೊಟ್ಟರು, ವಾಸಿಯಾಗ್ಬೌದು ಕಣಮ್ಮ, ಬಾಣಂತಿಯರಿಗೆ ಬರೋದು ವಾಸಿಯಾಗೋದೇ ಜಾಸ್ತಿ, ಎಂದಿದ್ದರು ಒಳ್ಳೆಯ ಮನುಷ್ಯ, ಒಪ್ಪಿಗೆ ಯಾರದು ಎಂದರು, ಅಕ್ಕನದು, ಅಕ್ಕ ಹೆಬ್ಬೆಟ್ಟು ಒತ್ತಿದಳು, ವಾಸಿಯಾಗಿ ಬಂದರೆ ಹೇಗಿದ್ದರೂ ಗೊತ್ತಾಗುತ್ತದೆ, ಅಲ್ಲಿಯವರೆಗೆ ಹುಚ್ಚಿಯ ಮಗಳು ಅನ್ನಿಸಿಕೊಳ್ಳುವುದು ಬೇಡ ಎಂದು ಅಜ್ಜಂಪುರಕ್ಕೆ ಬಂದ ಮೇಲೆ ಕೇಳಿದವರಿಗೆಲ್ಲ ಜ್ವರ ಎಂದಳು, ಮಗುವಿಗೂ ಜ್ವರ ಎಂದಳು. ಎರಡು ಸಲ ಈರಭದ್ರಪ್ಪ ಬೆಂಗಳೂರಿಗೆ ಹೋಗಿ ನೋಡಿ ಬಂದರು, ಗುರುತು ಹಿಡೀಲಿಲ್ಲ ಕಣೇ ಎಂದರು, ಆಮೇಲೆ ಹೋಗಲಿಲ್ಲ, ಗುರುಶಾಂತಮ್ಮ ಒಂದು ಸಲವೂ ಹೋಗಲಿಲ್ಲ, ಮಗು ಚಿಕ್ಕದು ಎನ್ನುವುದು ನೆಪ, ಇದನ್ನು ಕಾಗದದಲ್ಲಿ ಬರೆದಿದ್ದಾಳೆ, ನೆಪ ಎಂದೇ ಬರೆದಿದ್ದಾಳೆ.

ಅಕ್ಕಾ, ಈ ಕಾಳು ಬಲ್ತೋಗೈತೆ, ಸಾರಿಗಾಯ್ತದೆ, ಎಂದಳು ತೀರ್ಥಮ್ಮ, ಹ್ಞೂ ಅತ್ಲಾಗಿಡು, ಬಿಸಿಲು ಅಂಗಳದ ಕಲ್ಲಿನ ಅರ್ಧಕ್ಕೆ ಬಂದಿತ್ತು, ಅಂದರೆ ಹನ್ನೊಂದು — ನವರಾತ್ರಿಗೆ ಮುಂಚೆ ಬಂದ ಪಂಕಜಳ ಕಾಗದ ಅವಳಿಗೆ ಬಾಯಿಪಾಠ, ದೊಡ್ಡವ್ವಾ, ಪರೀಕ್ಷೆಯ ಜೊತೆಗೆ ಒಂದು ಪ್ರಬಂಧ ಕೊಡಬೇಕು, ನಾನು ಬಾಲ್ಯದ ನೆನಪುಗಳ ಮೇಲೆ ಬರೆಯುತ್ತಿದ್ದೇನೆ, ಮೊದಲು ನಮ್ಮದೇ ನೆನಪನ್ನು ಬರೆದು, ಮನೆಯ ಹಿರಿಯರನ್ನು ಕೇಳಿ ಎಷ್ಟು ನಿಜ ಎಷ್ಟು ಕಟ್ಟಿಕೊಂಡದ್ದು ಎಂದು ತಾಳೆ ನೋಡಬೇಕೆಂದು ನಮ್ಮ ಮೇಷ್ಟರು ಹೇಳಿದ್ದಾರೆ, ನನ್ನ ಬಾಲ್ಯದ ಅತಿ ಸಂತೋಷದ ನೆನಪು ಯಾವುದು ಗೊತ್ತೇ, ಮನೆಗೆ ಒಂದು ಕಾಗದ ಬಂತು, ಹಬ್ಬವಲ್ಲ, ಆದರೂ ನೀನು ಹೋಳಿಗೆ ಮಾಡಿದೆ, ದೊಡ್ಡಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಳದಲ್ಲಿ ಕುಣಿದರು, ನಾನು ನಾಲ್ಕು ತಿಂದೆ, ಇದು ನಿಜವೇ, ಆ ಕಾಗದ ಏನು, ವಿವರವಾಗಿ ಬರೆ. ಮೊನ್ನೆ ಸಂಕ್ರಾಂತಿಗೆ ಇನ್ನೊಂದು ಕಾಗದ, ನೀನು ಉತ್ತರ ಬರೆಯದೆ ಪ್ರಬಂಧ ಅಲ್ಲೇ ನಿಂತಿದೆ, ಸೋಮವಾರ ಬೆಂಗಳೂರಿನ ಆಸ್ಪತ್ರೆಗೆ ಹೋಗುತ್ತಿದ್ದೇವೆ, ಒಬ್ಬೊಬ್ಬರಿಗೂ ಹಳೆಯ ರೋಗಿಗಳ ಕಾಗದ ಓದಲು ಕೊಡುತ್ತಾರೆ, ನಾನು ಬಾಣಂತಿಯರದನ್ನು ಕೇಳಿದ್ದೇನೆ. ಬಾಣಂತಿಯರದನ್ನು ಕೇಳಿದ್ದಾಳೆ.

ನಾಲ್ಕಲ್ಲ, ಐದು ತಿಂದಳು, ಐದನೆಯದನ್ನು ತುಪ್ಪ ಹಚ್ಚಿ ಕದ್ದು ಕೊಟ್ಟವಳು ಗುರುಶಾಂತಮ್ಮನೇ. ಕಾಗದ ಬಂದದ್ದು ನಿಜ, ಗಂಡಭೇರುಂಡದ ಮೊಹರು, ಒಳಗೆಲ್ಲ ಇಂಗ್ಲಿಷು, ಮನೆಯಲ್ಲಿ ಓದುವವರಿಲ್ಲ, ಅಮೃತಾಪುರದ ಹತ್ತಿರದ ತೆಂಗಿನ ತೋಟದ ಖಾತೆಗಾಗಿ ಈರಭದ್ರಪ್ಪ ಮೂರು ವರ್ಷದಿಂದ ತರೀಕೆರೆ ಕಚೇರಿಗೆ ತಿರುಗುತ್ತಿದ್ದರು, ಬಂತು ನೋಡೇ ಹುಕುಂ ಎಂದರು, ಅಲ್ಲದೆ ಮತ್ತೇನು, ಸಾವಿನ ಕಾಗದವಾದರೆ ಒಂದು ಮೂಲೆ ಹರಿದಿರುತ್ತದೆ, ಅದನ್ನು ಹೊಸಲಾಚೆ ನಿಂತು ಓದಿ ಅಲ್ಲೇ ಚೂರು ಮಾಡುತ್ತಾರೆ, ಇದಕ್ಕೆ ನಾಲ್ಕು ಮೂಲೆಯೂ ನೆಟ್ಟಗಿದ್ದವು, ಸರ್ಕಾರಕ್ಕೆ ನಮ್ಮ ಪದ್ಧತಿ ಏನು ಗೊತ್ತು, ಅದಕ್ಕೆ ವಿಭೂತಿ ಎಳೆದು ಕುಂಕುಮ ಇಟ್ಟು ದೇವರ ಗೂಡಿನಲ್ಲಿ ಇಟ್ಟರು, ಕಡಲೆಬೇಳೆ ಬೇಯಿಸಿದಳು, ಬೆಲ್ಲ ಹಾಕಿ ರುಬ್ಬಿದಳು, ದಿನಾ ಹೂವಿಟ್ಟಳು, ಏಳು ತಿಂಗಳು, ಆ ಕಾಗದಕ್ಕೆ ಏಳು ತಿಂಗಳು ಹೂವಿಟ್ಟಿದ್ದಾಳೆ. ಕಂದಾಯದ ಕಾಲ ಬಂದಾಗ ಈರಭದ್ರಪ್ಪ ಅದನ್ನು ತರೀಕೆರೆಗೆ ಒಯ್ದರು, ಅಮಲ್ದಾರರ ಗುಮಾಸ್ತ ಬಿಚ್ಚಿ ಓದಿದವನು ಕನ್ನಡಕ ತೆಗೆದನಂತೆ, ಏನ್ ಸಾಹುಕಾರ್ರೇ, ಇದಕ್ಯಾಕೆ ಕುಂಕುಮ ಹಚ್ಚಿದೀರಿ, ಎಂದನಂತೆ. ಸಂಜೆ ಬಂದು ಕಾಲು ತೊಳೆಯದೆ ಜಗಲಿಯಲ್ಲೇ ಕೂತರು, ಮಲ್ಲಿ ಹೋಗ್ಬಿಟ್ಟವ್ಳೆ ಕಣೇ, ಏಳು ತಿಂಗಳಾಯ್ತು, ಒಂದು ದಿನದೊಳಗೆ ಬಂದ್ರೆ ದೇಹ ಕೊಡ್ತೀವಿ ಅಂತ ಬರೆದವ್ರೆ, ಎಂದರು, ಅವರ ಬೆನ್ನ ಹಿಂದೆಯೇ ಪಂಕಜ ಕಲ್ಲಾಟ ಆಡುತ್ತಿದ್ದಳು, ಒಂದು, ಎರಡು, ಮೂರು, ಮೇಲೆ ಹಾರಿಸಿ ಹಿಡಿಯುತ್ತಿದ್ದಳು. ಗಟ್ಟಿಯಾಗಿ ಅಳುವ ಹಾಗೂ ಇರಲಿಲ್ಲ, ಐದು ವರ್ಷದ ಹಿಂದೆಯೇ ಸತ್ತವಳಿಗೆ ಇವತ್ತು ಯಾಕೆ ಅಳುತ್ತೀ ದೊಡ್ಡವ್ವಾ ಎಂದು ಮಗು ಕೇಳಿದರೆ — ಈರುಳ್ಳಿ ಹೆಚ್ಚಿದಳು, ಆ ರಾತ್ರಿ ಬೇಡದಿದ್ದರೂ ಅರ್ಧ ಬುಟ್ಟಿ ಈರುಳ್ಳಿ ಹೆಚ್ಚಿದಳು. ಹಾಲುತುಪ್ಪ ಬಿಡಲು ಸಮಾಧಿ ಎಲ್ಲಿದೆಯೋ ತಿಳಿಯದು, ಮಠದಲ್ಲಿ ಹೆಸರು ಹೇಳಿಸಲಿಲ್ಲ, ಸತ್ತವಳು ಎರಡು ಸಲ ಸತ್ತಳು, ಎರಡು ಸಲವೂ ಯಾರೂ ಅಳಲಿಲ್ಲ.

ಪರೀಕ್ಷೆ ಮುಗೀಲಿ ತಡಿಯೇ, ಎಂದು ಬೆಳಿಗ್ಗೆಯೂ ಹೇಳಿದರು ಈರಭದ್ರಪ್ಪ, ಎರಡು ವರ್ಷದ ಓದು, ಇನ್ನೆರಡು ತಿಂಗಳು, ಈಗ ಹೇಳಿದ್ರೆ ಹುಡುಗಿ ಕುಸಿದ್ಬಿಡ್ತಾಳೆ, ಅಲ್ಲಿ ಸಾವಿರ ಕಾಗದ ಇರ್ತವೆ, ಅದೇ ಸಿಗ್ತದೆ ಅಂತ ಏನ್ ಗ್ಯಾರಂಟಿ. ಸಿಗದಿದ್ದರೆ ಸರಿ, ಸಿಕ್ಕರೆ, ಹತ್ತು ಜನ ಓದುವವರ ನಡುವೆ, ಮೇಷ್ಟರ ಎದುರಿಗೆ, ಊರು ಯಗಟಿ, ಹೆಸರು ಮಲ್ಲಿಕಾಂಬ, ಒಪ್ಪಿಗೆ ಕೊಟ್ಟವರು ಅಕ್ಕ, ಆ ಹೆಬ್ಬೆಟ್ಟಿನ ಗುರುತು, ತನ್ನನ್ನು ಸಾಕಿದ ಕೈಯದು, ಆಗ ಅವಳ ಪಕ್ಕದಲ್ಲಿ ಯಾರಿರುತ್ತಾರೆ. ಕುಸಿದರೆ ಕುಸಿಯಲಿ, ಶನಿವಾರ ಕುಸಿಯಲಿ, ಭಾನುವಾರ ಅಳಲಿ, ಬೇಕಾದರೆ ರೈಲು ಹತ್ತಿ ಇಲ್ಲಿಗೆ ಬರಲಿ, ಬಂದು ಬೈಯಲಿ, ಬಾರದಿದ್ದರೆ ಅದೂ ಅವಳಿಗೆ ಬಿಟ್ಟದ್ದು, ಎಂ.ಎ. ಹೋದರೆ — ಹೋದರೆ ಏನು ಎಂಬಲ್ಲಿ ಯೋಚನೆ ನಿಂತುಬಿಡುತ್ತದೆ, ಈ ಓದು ಅವಳಿಗೆ ಎಷ್ಟೆಂದು ಗೊತ್ತು, ನಾಲ್ಕು ಸಲ ಕಾಗದ ಸುಟ್ಟದ್ದು ಅದಕ್ಕೇ. ಕೈ ಒರೆಸಿಕೊಂಡು ಎದ್ದಳು. ಎಲ್ಲಿಗಕ್ಕಾ, ಕಾಳು ಅರ್ಧ ಐತಲ್ಲ? ಈಗ ಬತ್ತೀನಿ ಕಣೇ, ಟಪಾಲಿಗೆ. ನೀನೇ ಹೋಯ್ತೀಯಾ? ನಾನೇ.

ಬಿಸಿಲು ಚುರುಕಾಗಿತ್ತು, ಅರಳೆ ಮೂಟೆಯ ಗಾಡಿಗಳು ಸ್ಟೇಷನ್ ದಾರಿಯಲ್ಲಿ ಸಾಲು ನಿಂತಿದ್ದವು, ಎತ್ತುಗಳ ಉಸಿರು, ಹುಲ್ಲಿನ ವಾಸನೆ, ಸೊಂಟದ ಲಕೋಟೆ ಬೆವರಿಗೆ ಮೆತ್ತಗಾಗಿತ್ತು, ಇದಕ್ಕೆ ಮೂಲೆ ಹರಿಯಬೇಕೋ ಬೇಡವೋ, ಸಾವಿನ ಕಾಗದವೇ ತಾನೇ, ಹರಿದರೆ ಹುಡುಗಿ ದೊಡ್ಡಪ್ಪನಿಗೇ ಏನೋ ಆಯಿತೆಂದು ಎದೆ ಒಡೆದುಕೊಂಡಾಳು, ಹದಿಮೂರು ವರ್ಷದ ಹಳೆಯ ಸಾವಿಗೆ ಮೂಲೆ ಹರಿಯುವ ಪದ್ಧತಿ ಇದೆಯೋ ಇಲ್ಲವೋ, ಕೇಳಲು ಯಾರಿದ್ದಾರೆ, ಬೇಡ, ನೆಟ್ಟಗೇ ಹೋಗಲಿ. ಸ್ಟೇಷನ್ನಿನ ಬೇಲಿಯ ಹತ್ತಿರ ಟಪಾಲಿನ ಸಿದ್ದಪ್ಪ ಕೆಂಪು ಡಬ್ಬಿ ಬರಿದು ಮಾಡಿ ಚೀಲದ ಬಾಯಿಗೆ ದಾರ ಸುತ್ತುತ್ತಿದ್ದ. ಏನಮ್ಮಾರೇ, ನೀವೇ ಬಂದ್ಬಿಟ್ರಿ? ಕೊಡಿ ಕೊಡಿ, ಇನ್ನೂ ಮೊಹರು ಮಾಡಿಲ್ಲ. ಲಕೋಟೆಯನ್ನು ಅಂಗೈಯಲ್ಲಿಟ್ಟು ತೂಗಿದ. ಪಂಕಜಮ್ಮಾರಿಗಾ, ಏನ್ ಬರದ್ರಿ ಇಷ್ಟು ದಪ್ಪಕ್ಕೆ? ಹೋಳಿಗೆ ಯಾಕೆ ಮಾಡಿದ್ದೆ ಅಂತ ಕೇಳಿದ್ಲಪ್ಪಾ, ಬರದೆ. ಅಷ್ಟಕ್ಕೆ ಇಷ್ಟಾ, ಎಂದು ಅವನು ನಕ್ಕ, ಲಕೋಟೆ ಚೀಲದೊಳಗೆ ಹೋಯಿತು, ದಾರ ಬಿಗಿಯಿತು, ಅರಗು ಬಿತ್ತು.

ರೈಲು ಬಂತು, ನಿಂತಿತು, ಚೀಲ ಹತ್ತಿತು, ಹೊರಟಿತು, ಅವಳು ಬೇಲಿಯ ಕಂಬ ಹಿಡಿದು ನಿಂತೇ ಇದ್ದಳು, ಎಲ್ಲ ಬರೆದಿದ್ದೇನೆ, ಬಾವಿ ಬರೆದಿದ್ದೇನೆ, ಹೆಬ್ಬೆಟ್ಟು ಬರೆದಿದ್ದೇನೆ, ದೇವರ ಗೂಡಿನ ಹೂವು ಬರೆದಿದ್ದೇನೆ, ಒಂದು ಬರೆದಿಲ್ಲ, ಬರೆಯಲು ಮಾತು ಸಿಗಲಿಲ್ಲ, ಕಡೂರು ಸ್ಟೇಷನ್ನು, ಆಚೆ ಈಚೆ ಇಬ್ಬರು ದಫೇದಾರರು, ಕಿಟಕಿಯ ಪಕ್ಕ ಮಲ್ಲಿ, ಅವಳು ಯಾರನ್ನೂ ನೋಡುತ್ತಿರಲಿಲ್ಲ, ಅಕ್ಕ ಕರೆದರೂ ತಿರುಗಲಿಲ್ಲ, ಬುದ್ಧಿ ಪೂರ್ತಿ ಹೋಯಿತು, ಇನ್ನು ಇವಳಿಗೆ ಯಾರೂ ಇಲ್ಲ ಎಂದುಕೊಂಡ ಹೊತ್ತಿಗೆ ರೈಲಿನ ಕೂಗಿಗೆ ಹೆದರಿ ಅಕ್ಕನ ಸೊಂಟದ ಮೇಲಿದ್ದ ಪಂಕಜ ಅತ್ತಳು, ಕಿಟಾರನೆ ಅತ್ತಳು, ಮಲ್ಲಿ ಆಗಲೂ ತಿರುಗಲಿಲ್ಲ, ಮುಖ ಕಲ್ಲಿನ ಹಾಗೇ ಇತ್ತು, ಆದರೆ ಆ ಅಳುವಿಗೆ ಹಾಲಿಳಿದು ಅವಳ ರವಿಕೆಯ ಎದೆ ಒದ್ದೆಯಾಯಿತು, ಎರಡು ಕಡೆಯೂ, ನೋಡುನೋಡುತ್ತಲೇ, ಕೆಂಪು ರವಿಕೆ ಕಪ್ಪಾಗುತ್ತಾ ಬಂತು, ಅದನ್ನು ಕಂಡೂ ಅಕ್ಕ ನಿಲ್ಲಿಸಿ ಎನ್ನಲಿಲ್ಲ, ರೈಲು ಹೊರಟಿತು, ಕಿಟಕಿಯ ಬಿಸಿಲಿಗೆ ಆ ಒದ್ದೆಯ ಅಂಚು ಒಣಗುತ್ತಿತ್ತು, ಮಗು ಅಳುತ್ತಿತ್ತು, ನಡುವೆ ಮತ್ತೆ ಒದ್ದೆ, ಅಂಚು ಒಣಗುತ್ತದೆ, ನಡುವೆ ಮತ್ತೆ ಒದ್ದೆ.